ಕೋವಿಯ ಹಕ್ಕು, ನಳಿಗೆಯ ಲೆಕ್ಕ

ಕೊಡಗಿನ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಈಡು, ಯಾರಾದರೂ ತೀರಿಕೊಂಡರೆ ಎರಡು ಈಡು. ಟೆಲಿಫೋನು ಇಲ್ಲದ ಕಾಲದಲ್ಲಿ ಬೆಟ್ಟದಾಚೆಯ ನೆಂಟರಿಗೆ ಸುದ್ದಿ ಮುಟ್ಟುತ್ತಿದ್ದದ್ದೇ ಹಾಗೆ. ಪುತ್ತರಿಯ ರಾತ್ರಿ ಹೊಸ ಕದಿರು ಕೊಯ್ಯುವಾಗ ಕೋವಿಯ ಸದ್ದು ಕೇಳದಿದ್ದರೆ ಹಬ್ಬವಾದಂತೆಯೇ ಅಲ್ಲ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದಿನಲ್ಲಂತೂ ಒಡಿಕತ್ತಿ, ಪೀಚೆಕತ್ತಿಗಳ ಜತೆಗೆ ಕೋವಿಯೂ ದೇವರ ದೀಪದ ಮುಂದೆ ಕೂರುತ್ತದೆ. ಅದರ ಅಲಂಕಾರಕ್ಕೆ ಕೆಂಪು, ಹಳದಿ ಬಣ್ಣದ ತೋಕ್ ಪೂವೇ ಬೇಕು. ಕೊಡವ ತಕ್ಕಿನಲ್ಲಿ ತೋಕ್ ಎಂದರೆ ಕೋವಿ.

ಹೊರಗಿನವರು ಇದನ್ನು ಕಂಡು ಬೆರಗಾಗುತ್ತಾರೆ. 'ಅವರಿಗೆ ಲೈಸೆನ್ಸೇ ಬೇಡವಂತೆ, ಏನು ಬೇಕಾದರೂ ಇಟ್ಟುಕೊಳ್ಳಬಹುದಂತೆ' ಎಂಬ ಮಾತು ಮೈಸೂರಿನ ಹಾಸ್ಟೆಲುಗಳಲ್ಲಿ ಓದುವ ಕೊಡಗಿನ ಹುಡುಗರ ಕಿವಿಗೆ ಆಗಾಗ ಬೀಳುತ್ತದೆ. ಈ ಮಾತಿನ ಮೊದಲ ಅರ್ಧ ನಿಜ, ಎರಡನೆಯ ಅರ್ಧ ಸುಳ್ಳು. ಅಪಾಯವಿರುವುದು ಆ ಎರಡನೆಯ ಅರ್ಧದಲ್ಲಿ.

ಮೊದಲ ಅರ್ಧದ ಕಥೆ ಹಳೆಯದು. ರಾಜರ ಕಾಲದಲ್ಲಿ ಯುದ್ಧಕ್ಕೆ ಕರೆ ಬಂದಾಗ ಆಯುಧ ಹಿಡಿದು ಹೊರಡಬೇಕೆಂಬ ಕರಾರಿನ ಮೇಲೆ ಕೆಲವು ಮನೆತನಗಳಿಗೆ ಅರ್ಧ ಕಂದಾಯದ ಜಮೀನು ಕೊಡಲಾಗಿತ್ತು. ಅದೇ ಜಮ್ಮಾ ಭೂಮಿ. 1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 1857ರ ದಂಗೆಯ ನಂತರ ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾನೂನು ಬಂದಾಗ, ಅದು ಕೊಡವರಿಗೆ ಅನ್ವಯಿಸದೆಂದು ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಪ್ರಕಟಣೆ ಹೊರಡಿಸಿದರು. ಸ್ವಾತಂತ್ರ್ಯಾನಂತರ ಬಂದ 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲೂ 41ನೇ ಕಲಮಿನ ಪ್ರಕಾರ ಕೇಂದ್ರ ಸರ್ಕಾರ ಈ ವಿನಾಯಿತಿಯನ್ನು ಮುಂದುವರಿಸಿತು. ಇದು ಕೊಡವರಿಗೆ ಮಾತ್ರವಲ್ಲ, ಜಾತಿ ಯಾವುದೇ ಇರಲಿ, ಜಮ್ಮಾ ಹಿಡುವಳಿದಾರರೆಲ್ಲರಿಗೂ ಉಂಟು. 2019ರ ಅಕ್ಟೋಬರ್ 29ರ ಅಧಿಸೂಚನೆ ಇದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. ಇದು ತಾರತಮ್ಯವೆಂದು ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2021ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕಾದ ಹಕ್ಕು ಎಂದರೆ ಹತ್ತು ವರ್ಷಕ್ಕೊಮ್ಮೆ ನಡೆಯುವ ಪರೀಕ್ಷೆ ಎಂದೇ ಅರ್ಥ.

ಇನ್ನು ಎರಡನೆಯ ಅರ್ಧ. ವಿಷಯ ಸ್ಪಷ್ಟವಾಗಲು ವಿರಾಜಪೇಟೆ ಕಡೆಯ ಒಂದು ಐನ್‌ಮನೆಯನ್ನು ಊಹಿಸಿಕೊಳ್ಳೋಣ. ಅಜ್ಜನಿಗೆ ಎಂಬತ್ತು ದಾಟಿದೆ, ಕೈ ನಡುಗುತ್ತದೆ. ಮನೆಯಲ್ಲಿ 28 ಇಂಚು ನಳಿಗೆಯ ಒಂದು ಜೋಡಿನಳಿಗೆ ಕೋವಿ ಇದೆ. ಮೊಮ್ಮಗನಿಗೆ ಇಪ್ಪತ್ತು ವರ್ಷ, ಬಿಎಸ್ಸಿ ಓದುತ್ತಿದ್ದಾನೆ. ಹಬ್ಬಕ್ಕೆ ಬಂದವನು ಕೋವಿಯನ್ನು ಒರೆಸುತ್ತ ಕೇಳುತ್ತಾನೆ:

'ಅಜ್ಜ, ಇದು ಜೀಪಿನ ಸೀಟಿನ ಕೆಳಗೆ ಹಿಡಿಯುವುದಿಲ್ಲ. ಒಂದು ಹತ್ತಿಂಚು ಕುಯ್ಯಿಸಿದರೆ ಹೇಗೆ? ಗ್ಯಾರೇಜಿನವನು ಹತ್ತು ನಿಮಿಷದ ಕೆಲಸ ಎನ್ನುತ್ತಾನೆ.'

'ಹತ್ತು ನಿಮಿಷದ ಕೆಲಸಕ್ಕೆ ಏಳು ವರ್ಷ ಜೈಲು ಮೋನೆ,' ಎನ್ನುತ್ತಾರೆ ಅಜ್ಜ. 'ಮೊದಲು ಕೋವಿಯನ್ನು ಕೆಳಗಿಡು.'

ಅಜ್ಜನ ಮಾತು ಬೆದರಿಕೆಯಲ್ಲ. ಕೊಡಗಿಗೆ ಸಿಕ್ಕಿರುವ ವಿನಾಯಿತಿ ಕಾಯಿದೆಯ 3 ಮತ್ತು 4ನೇ ಕಲಮುಗಳಿಂದ, ಅಂದರೆ ಲೈಸೆನ್ಸ್ ಪಡೆಯಬೇಕೆಂಬ ನಿಯಮದಿಂದ ಮಾತ್ರ. ಉಳಿದ ಕಲಮುಗಳು ಎಲ್ಲರಿಗೂ ಒಂದೇ. 6ನೇ ಕಲಮಿನ ಪ್ರಕಾರ ಪ್ರತ್ಯೇಕ ಪರವಾನಗಿ ಇಲ್ಲದೆ ಯಾರೂ ನಳಿಗೆಯನ್ನು ಗಿಡ್ಡ ಮಾಡುವಂತಿಲ್ಲ. 2019ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ ಕನಿಷ್ಠ ಏಳು ವರ್ಷ ಸಜೆ; ಅದು ಜೀವಾವಧಿಯವರೆಗೂ ಹೋಗಬಹುದು. 20 ಇಂಚಿಗಿಂತ ಕಡಿಮೆ ನಳಿಗೆಯ ನಯನಳಿಗೆ ಕೋವಿಯನ್ನು ನಿಯಮಾವಳಿ ಸಾಮಾನ್ಯರ ಕೈಗೆ ಸಿಗದ ಪಟ್ಟಿಯಲ್ಲೇ ಇಟ್ಟಿದೆ. 28ರಿಂದ ಹತ್ತು ಕಳೆದರೆ ಉಳಿಯುವುದೆಷ್ಟು? ಮೂರನೇ ತರಗತಿಯ ಲೆಕ್ಕ.

ಕಾನೂನಿಗೆ ಗಿಡ್ಡ ನಳಿಗೆಯ ಮೇಲೇಕೆ ಇಷ್ಟು ಅನುಮಾನ? ಉದ್ದ ಕೋವಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಗಿಡ್ಡ ಕೋವಿ ಅಂಗಿಯೊಳಗೆ ಅಡಗುತ್ತದೆ. ಮನೆಮನೆಯಲ್ಲೂ ಬಂದೂಕಿರುವ ಅಮೆರಿಕದಲ್ಲೇ 1934ರ ಕಾನೂನಿನಡಿ ಗಿಡ್ಡ ನಳಿಗೆಯ ರೈಫಲಿಗೆ ಬೇರೆಯೇ ನೋಂದಣಿ ಉಂಟು. ಈಗ ಅದರ ಗಡಿ 16 ಇಂಚು. ಅದಕ್ಕೆ ದಶಕಗಳ ಕಾಲ ಇದ್ದ 200 ಡಾಲರ್ ತೆರಿಗೆ 2026ರ ಜನವರಿಯಲ್ಲಿ ಸೊನ್ನೆಗಿಳಿಯಿತು, ಆದರೆ ನೋಂದಣಿಯ ನಿಯಮ ಉಳಿಯಿತು.

ಭೌತಶಾಸ್ತ್ರವೂ ಅಜ್ಜನ ಪಕ್ಷವೇ. ಮದ್ದು ಉರಿದಾಗ ಹುಟ್ಟುವ ಅನಿಲ ಗುಂಡನ್ನು ನಳಿಗೆಯುದ್ದಕ್ಕೂ ತಳ್ಳುತ್ತದೆ. ನಳಿಗೆ ಗಿಡ್ಡವಾದರೆ ತಳ್ಳುವ ದೂರವೂ ಕಡಿಮೆ, ವೇಗವೂ ಕಡಿಮೆ. ಮಿಕ್ಕ ಶಕ್ತಿ ಬಾಯಿಯ ಬಳಿ ಬೆಂಕಿಯಾಗಿ, ಕಿವಿ ಕಿವುಡಾಗುವ ಸದ್ದಾಗಿ ಹೊರಬರುತ್ತದೆ. ಚಿಲ್ಲು ಚದುರದಂತೆ ಎಷ್ಟೋ ಕೋವಿಗಳ ನಳಿಗೆಯನ್ನು ತುದಿಯಲ್ಲಿ ತುಸು ಕಿರಿದು ಮಾಡಿರುತ್ತಾರೆ. ಗರಗಸ ಮೊದಲು ತಿನ್ನುವುದು ಅದನ್ನೇ. ಆಮೇಲೆ ಗುರಿ ಎಲ್ಲಿಯದು?

ಇಂಥ ಕೋವಿಯನ್ನು 'ಹನ್ನೆರಡು ಬೋರು' ಎನ್ನುವುದೇಕೆ? ನಳಿಗೆಗೆ ಸರಿಯಾಗಿ ಹೊಂದುವ ಸೀಸದ ಗುಂಡುಗಳು ಹನ್ನೆರಡು ಸೇರಿದರೆ ಒಂದು ಪೌಂಡು. ಸೀಸದ ಸಾಂದ್ರತೆ ಗೊತ್ತಿರುವ ವಿದ್ಯಾರ್ಥಿ ವ್ಯಾಸವನ್ನು ತಾನೇ ಲೆಕ್ಕಹಾಕಲಿ, ಸುಮಾರು 18.5 ಮಿಲಿಮೀಟರ್ ಬರುತ್ತದೆ. 30 ಗ್ರಾಂ ಚಿಲ್ಲು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟರೆ, 3 ಕಿಲೋ ತೂಕದ ಕೋವಿ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹೆಗಲಿಗೆ ಗುದ್ದುತ್ತದೆ. ಇದು ನ್ಯೂಟನ್ನನ ಮೂರನೇ ನಿಯಮ. ಚಲನಶಕ್ತಿ ನೋಡಿದರೆ ಹೆಗಲಿಗೆ 24 ಜೂಲ್, ಎದುರಿಗಿರುವುದಕ್ಕೆ 2,400 ಜೂಲ್. ಹೊಡೆದವನಿಗೆ ತಟ್ಟುವುದು ನೂರರಲ್ಲಿ ಒಂದು ಪಾಲು. ಕೋವಿ ಹಿಡಿದವನು ಮರೆಯಬಾರದ ಲೆಕ್ಕ ಇದು.

ಹಾಗಾದರೆ ಮೊಮ್ಮಗ ನ್ಯಾಯವಾಗಿ ಕೋವಿ ಪಡೆಯುವುದು ಹೇಗೆ? ಮೊದಲು ಇಪ್ಪತ್ತೊಂದು ತುಂಬಬೇಕು. 9ನೇ ಕಲಮಿನ ಈ ವಯಸ್ಸಿನ ಮಿತಿ ಲೈಸೆನ್ಸ್ ನಿಯಮದಿಂದ ಬೇರೆಯದು. ಆಮೇಲೆ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ. ಮನೆತನ ಅಥವಾ ಜಮ್ಮಾ ಜಮೀನಿನ ದಾಖಲೆ ಸರಿಯಿದ್ದರೆ ವಿನಾಯಿತಿ ಪತ್ರ ಸಿಗುತ್ತದೆ. ಉಳಿದ ಜಿಲ್ಲೆಯವರಿಗೆ ದಾರಿ ಇನ್ನೂ ಉದ್ದ: 2016ರ ನಿಯಮಾವಳಿಯ ನಮೂನೆಯಲ್ಲಿ ಅರ್ಜಿ, ಕೋವಿ ಏಕೆ ಬೇಕೆಂಬ ಕಾರಣ, ಪೊಲೀಸ್ ವರದಿ, ಸುರಕ್ಷಿತ ಬಳಕೆಯ ತರಬೇತಿ. ಲೈಸೆನ್ಸ್ ಸಿಕ್ಕ ಮೇಲೂ ಪರವಾನಗಿ ಇರುವ ಅಂಗಡಿಯಲ್ಲೇ ಖರೀದಿ, ಐದು ವರ್ಷಕ್ಕೊಮ್ಮೆ ನವೀಕರಣ.

ಪತ್ರ ಕೈಗೆ ಬಂದ ಮಾತ್ರಕ್ಕೆ ಕಾಡಿಗೆ ಇಳಿಯುವಂತಿಲ್ಲ. ಹುಲಿ ಹೊಡೆದವನನ್ನು ಮದುವಣಿಗನಂತೆ ಕೂರಿಸಿ ನರಿಮಂಗಲ ಮಾಡುತ್ತಿದ್ದ ಕಾಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದಿಗೆ ಮುಗಿಯಿತು. ಕಾಫಿ ತೋಟಕ್ಕೆ ಆನೆ ಬಂದರೂ ಅಷ್ಟೇ. ಸಂಭ್ರಮದ ಹೆಸರಿನಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಯಲ್ಲೂ ಮರದ ಹಿಂದೆ ಏನಿದೆಯೆಂದು ನೋಡಿದ ಮೇಲೆಯೇ ಬೆರಳು ಕುದುರೆಯ ಮೇಲೆ ಹೋಗಬೇಕು.

ತಂದೆತಾಯಿಯರಿಗೆ ಒಂದು ಮಾತು. ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೀಗ. ಬೀಗದ ಕೈ ಮಕ್ಕಳಿಗೆ ಗೊತ್ತಿರುವ ಜಾಗದಲ್ಲಿ ಬೇಡ. ಸಿಟ್ಟು, ಕುಡಿತ, ಕೋವಿ ಈ ಮೂರೂ ಒಂದೇ ಜಗಲಿಯಲ್ಲಿ ಸೇರದಂತೆ ನೋಡಿಕೊಳ್ಳುವುದು ಯಾವ ಅಧಿಸೂಚನೆಯೂ ಮಾಡಲಾಗದ ಕೆಲಸ, ಅದು ಮನೆಯ ಹಿರಿಯರದು. ಊರಿನ ಹಿರಿಯರು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಉಳಿಸಿಕೊಂಡು ಬಂದ ನಂಬಿಕೆಯೇ ಈ ವಿನಾಯಿತಿಯ ಬೇರು. 2029ರಲ್ಲಿ ಅದು ಮತ್ತೆ ಸರ್ಕಾರದ ಮೇಜಿಗೆ ಬಂದಾಗ, ಇಂದು ಕಾಲೇಜಿನಲ್ಲಿರುವ ಮಕ್ಕಳು ಕೋವಿ ಹಿಡಿಯುವ ವಯಸ್ಸಿಗೆ ಬಂದಿರುತ್ತಾರೆ. ಆಗ ಕೊಡಗಿನ ಪರವಾಗಿ ಸಾಕ್ಷಿ ಹೇಳಬೇಕಾದದ್ದು ಅವರ ನಡತೆ.