ಹಳೆಯದರ ಮೇಲೆ ಹೊಸದೋ, ಬುಡದಿಂದಲೇ ಹೊಸದೋ?

ಮನೆಯ ಸಾಮಾನಿನಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಹೊರಗೆ ಹಾಕಬೇಕು ಎಂಬ ಪ್ರಶ್ನೆ ಗೃಹಿಣಿಯರಾದ ನಮಗೆ ಹೊಸದಲ್ಲ. ಅಟ್ಟದ ಮೇಲಿನ ಹಿತ್ತಾಳೆ ಕೊಳದಪ್ಪಲೆಯಿಂದ ಹಿಡಿದು ಮಕ್ಕಳ ಹಳೇ ಸ್ವೆಟರಿನವರೆಗೆ ಎಲ್ಲದರ ಹಣೆಬರಹ ತೀರ್ಮಾನಿಸುವವರು ನಾವೇ. ಕಂಪ್ಯೂಟರಿನ ಮಾತು ಬಂದಾಗ ಮಾತ್ರ "ಅದೆಲ್ಲ ನಮಗೇನು ತಿಳಿಯುತ್ತೆ" ಎಂದು ಗಂಡಸರ ಕೈಗೋ ಅಂಗಡಿ ಹುಡುಗನ ಕೈಗೋ ಒಪ್ಪಿಸಿ ಅಡುಗೆಮನೆ ಸೇರಿಬಿಡುತ್ತೇವೆ. ಹಾಗೆ ಮಾಡಬಾರದೆಂದು ಹೇಳುವುದಕ್ಕೇ ಈ ನಾಲ್ಕು ಮಾತು.

ವಿಷಯ ಇಷ್ಟೆ. ನಮ್ಮ ಮನೆಯ ಕಂಪ್ಯೂಟರ್ 2019ರಲ್ಲಿ ಕೊಂಡದ್ದು. ಅದನ್ನು ನಡೆಸುತ್ತಿದ್ದ ಮೂಲ ತಂತ್ರಾಂಶ ವಿಂಡೋಸ್ 10. 2015ರಲ್ಲಿ ಬಂದ ಈ ವಿಂಡೋಸ್‌ಗೆ ಮೈಕ್ರೋಸಾಫ್ಟ್ ಕಂಪನಿಯವರು ತಮ್ಮ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿದರು. ಹಾಗೆಂದು ಯಂತ್ರ ಮರುದಿನವೇ ಕೆಟ್ಟು ಕೂರುವುದಿಲ್ಲ. ಆದರೆ ಬೀಗ ಸರಿಮಾಡುವವನು ನಮ್ಮ ಬೀದಿಗೆ ಬರುವುದನ್ನು ಬಿಟ್ಟ ಹಾಗೆ. ಕಳ್ಳರು ಹೊಸ ಉಪಾಯ ಹೂಡಿದರೆ ಕೇಳುವವರಿಲ್ಲ. ಆದ್ದರಿಂದ 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಹೋಗುವುದೆಂದು ನಿಶ್ಚಯವಾಯಿತು.

ಹೋಗುವುದಕ್ಕೆ ಎರಡು ದಾರಿ. ಒಂದು, ಇದ್ದದ್ದನ್ನೆಲ್ಲ ಇದ್ದಲ್ಲೇ ಇಟ್ಟುಕೊಂಡು ಹಳೆಯದರ ಮೇಲೆ ಹೊಸದನ್ನು ಕೂರಿಸುವುದು, ಇದು ಅಪ್‌ಗ್ರೇಡ್. ಇನ್ನೊಂದು, ಡಿಸ್ಕನ್ನು ಅಳಿಸಿ ಬುಡದಿಂದ ಹಾಕುವುದು. ಇದು ಫ್ರೆಶ್ ಇನ್‌ಸ್ಟಾಲ್. ಎರಡಕ್ಕೂ ಯಂತ್ರಕ್ಕೆ ಯೋಗ್ಯತೆ ಇರಬೇಕು. ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್, ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪು ಇವೆಲ್ಲ ಬೇಕೆಂದು ಕಂಪನಿಯವರೇ ಹೇಳಿದ್ದಾರೆ. ನಮ್ಮ ಯಂತ್ರ ಅರ್ಹವೋ ಅಲ್ಲವೋ ಎಂಬುದನ್ನು ಅವರದೇ ಪಿಸಿ ಹೆಲ್ತ್ ಚೆಕ್ ಎಂಬ ಪುಟ್ಟ ಪ್ರೋಗ್ರಾಂ ಪುಕ್ಕಟೆಯಾಗಿ ಹೇಳುತ್ತದೆ. ನಮ್ಮದು ಪಾಸಾಯಿತು.

ಆಮೇಲೆ ಶುರುವಾಯಿತು ನೋಡಿ, ಮೂರು ಜನಕ್ಕೆ ಮೂರು ಮಾತು. ನಮ್ಮ ಯಜಮಾನರು, "ಸುಮ್ಮನೆ ಅಪ್‌ಗ್ರೇಡ್ ಒತ್ತಿಬಿಡೇ, ಯಾಕೆ ಇಲ್ಲದ ತಾಪತ್ರಯ" ಎಂದರು. ಬೆಂಗಳೂರಿನಿಂದ ಮಗ ಫೋನಿನಲ್ಲಿ, "ಅಮ್ಮಾ, ಅದರಲ್ಲಿ ಆರು ವರ್ಷದ ಕಸ ಇದೆ. ಎಲ್ಲ ತೆಗ್ಸಿ ಹೊಸದಾಗಿ ಹಾಕ್ಸು" ಎಂದ. ಅಂಗಡಿ ಹುಡುಗನಂತೂ, "ಅರ್ಧ ದಿನದ ಕೆಲಸ ಆಂಟಿ, ಫಾರ್ಮ್ಯಾಟ್ ಮಾಡಿ ಕೊಡ್ತೀನಿ. ಡಿ ಡ್ರೈವ್ ಮುಟ್ಟೋದೇ ಇಲ್ಲ, ಭಯ ಬೀಳ್ಬೇಡಿ" ಎಂದು ಅಭಯ ಕೊಟ್ಟ. ಮೂವರಲ್ಲಿ ಒಬ್ಬರೂ ಅದರೊಳಗೆ ಏನೇನಿದೆ ಎಂದು ಕೇಳಲಿಲ್ಲ.

ಇದ್ದದ್ದು ನನಗೆ ಗೊತ್ತು. ನಮ್ಮ ಅತ್ತೆಯವರು ತೀರಿಕೊಳ್ಳುವುದಕ್ಕೆ ಮುಂಚಿನ ವರ್ಷ ದಿನಾ ಮಧ್ಯಾಹ್ನ ನಡುಮನೆಯಲ್ಲಿ ಕುಳಿತು ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಹುಳಿಪುಡಿ, ಮೆಂತ್ಯದಹಿಟ್ಟು, ಹೆರಳೆಕಾಯಿ ಉಪ್ಪಿನಕಾಯಿ, ಬಾಣಂತಿ ಲೇಹ್ಯ, ಹೀಗೆ ಅರವತ್ಮೂರು ಬಗೆ. ಅಳತೆಯೆಲ್ಲ ಸೇರು, ಪಾವು, ಚಟಾಕಿನಲ್ಲಿ. "ಘಮ್ ಅಂದ ಕೂಡಲೆ ಇಳಿಸು, ಒಂದು ಚಣ ತಡ ಮಾಡಿದ್ರೂ ಕಹಿ ಆಗ್ತದೆ" ಎಂಬ ಅವರ ಮಾತನ್ನೂ ಹಾಗೆಹಾಗೇ ಬರೆದಿದ್ದೆ. ಇದು ಹೋದರೆ ಮತ್ತೆ ಕೇಳಿ ಬರೆದುಕೊಳ್ಳಲು ಅವರಿಲ್ಲ.

ಈ ಕಡತವಿದ್ದದ್ದು ಡೆಸ್ಕ್‌ಟಾಪ್ ಮೇಲೆ, ಅಂದರೆ ಕಂಪ್ಯೂಟರ್ ತೆರೆದ ಕೂಡಲೇ ಕಾಣುವ ಜಾಗದಲ್ಲಿ. ಸೋದರಿಯರು ಗಮನಿಸಬೇಕು: ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಇವೆಲ್ಲ ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರುತ್ತವೆ. ಹುಡುಗ ಡಿ ಡ್ರೈವ್ ಮುಟ್ಟದಿದ್ದರೂ ಸಿ ಅಳಿಸಿದನೆಂದರೆ ಇವಿಷ್ಟೂ ಹೋದವು.

ಅದಕ್ಕೇ ಮೊದಲು ಎಲ್ಲವನ್ನೂ ಪೆನ್‌ಡ್ರೈವಿಗೆ ಇಳಿಸಿಕೊಂಡೆ. ಇಳಿಸಿಕೊಂಡದ್ದು ಸರಿಯಿದೆಯೇ ಎಂದು ಪಕ್ಕದ ಮನೆಯವರ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದರೆ, ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಚುಕ್ಕಿ, ಗೆರೆ, ಬಾಲ. ಓದಿದರೆ ಮಂತ್ರವೂ ಅಲ್ಲ, ಮಾತೂ ಅಲ್ಲ. ಕಾರಣ ಸರಳ. ನಾನು ಟೈಪ್ ಮಾಡಿದ್ದು ನುಡಿಯ ಹಳೆಯ ಫಾಂಟಿನಲ್ಲಿ. ನುಡಿ, ಬರಹಗಳ ಆ ಕಾಲದ ಫಾಂಟುಗಳಲ್ಲಿ ಯಂತ್ರದ ಲೆಕ್ಕಕ್ಕೆ ಒಳಗಿರುವುದು ಇಂಗ್ಲಿಷಿನ ಗುರುತುಗಳೇ. ಮೇಲೆ ಹೊದಿಸಿದ ವೇಷ ಮಾತ್ರ ಕನ್ನಡದ್ದು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚಿಬೀಳುತ್ತದೆ. ಈಗ ಎಲ್ಲೆಡೆ ಬಳಸುವ ಯೂನಿಕೋಡಿನಲ್ಲಿ ಕನ್ನಡ ಅಕ್ಷರಕ್ಕೆ ತನ್ನದೇ ಗುರುತಿದೆ, ಈ ತೊಂದರೆಯಿಲ್ಲ. ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ. ನಾನು ಮೂರು ದಿನ ಕುಳಿತು ಅರವತ್ಮೂರನ್ನೂ ಬದಲಿಸಿದೆ. ಕೆಲವು ಕಡೆ ಒತ್ತು, ಅರ್ಕಾವೊತ್ತು ಹೆಚ್ಚುಕಡಿಮೆ ಆಗಿತ್ತು, ಕೈಯಿಂದ ತಿದ್ದಿದೆ. ಮೂಲ ಕಡತವನ್ನೂ ಆ ಫಾಂಟನ್ನೂ ಜೊತೆಯಲ್ಲೇ ತೆಗೆದಿಟ್ಟೆ.

ಇನ್ನು ಯಾವ ದಾರಿ? ಅಪ್‌ಗ್ರೇಡಿನಲ್ಲಿ ಗುಣಗಳಿಲ್ಲದಿಲ್ಲ. ಕಡತ, ಪ್ರೋಗ್ರಾಂ, ಫಾಂಟು ಎಲ್ಲ ಉಳಿಯುತ್ತವೆ. ಹಳೆಯ ವಿಂಡೋಸ್ ಒಂದು ಕಡೆ ಇದ್ದೇ ಇರುತ್ತದೆ. ಹೊಸದು ಒಗ್ಗದಿದ್ದರೆ ಹತ್ತು ದಿನದೊಳಗೆ ಹಿಂದಕ್ಕೆ ಬರಬಹುದು. ಯಂತ್ರ ಚುರುಕಾಗಿದ್ದು, ಬೇಕಾದ ಪ್ರೋಗ್ರಾಂಗಳನ್ನು ಮತ್ತೆ ಹಾಕಲು ಸಿ.ಡಿ.ಯಾಗಲಿ ಪಾಸ್‌ವರ್ಡಾಗಲಿ ಕೈಯಲ್ಲಿಲ್ಲದಿದ್ದರೆ ಇದೇ ಲೇಸು. ಹಾಗೆಂದು ಕಡತಗಳ ಪ್ರತಿ ತೆಗೆಯದೆ ಇದಕ್ಕೂ ಕೈಹಾಕಬಾರದು. ನಡುವೆ ಕರೆಂಟ್ ಹೋಗುವ ಊರು ನಮ್ಮದು.

ಆದರೆ ನಮ್ಮ ಯಂತ್ರಕ್ಕೆ ಕಾಯಿಲೆಯಿತ್ತು. ತೆರೆದುಕೊಳ್ಳಲು ಹತ್ತು ನಿಮಿಷ, ಕರೆಯದಿದ್ದರೂ ಮೂಲೆಯಿಂದ ಹಾರಿಬರುವ ಜಾಹೀರಾತು, ಯಾರು ಹಾಕಿದರೋ ತಿಳಿಯದ ಪ್ರೋಗ್ರಾಂಗಳು. ಬೂಷ್ಟು ಹಿಡಿದ ಭರಣಿಗೆ ಹೊಸ ಉಪ್ಪಿನಕಾಯಿ ಸುರಿಯುತ್ತೇವೆಯೇ? ಅಪ್‌ಗ್ರೇಡ್ ಮಾಡಿದ್ದರೆ ಆ ಕಸವೆಲ್ಲ ಹೊಸ ಮನೆಗೂ ನಮ್ಮ ಹಿಂದೆಯೇ ಬರುತ್ತಿತ್ತು. ಆದ್ದರಿಂದ ಬುಡದಿಂದ ಹಾಕಿಸುವುದೆಂದು ನಾನೇ ತೀರ್ಮಾನಿಸಿದೆ.

"ರೀ, ಇದು ಒತ್ತಿಬಿಡೋ ಕೆಲಸ ಅಲ್ಲ" ಎಂದಾಗ ಯಜಮಾನರು ಮರುಮಾತಾಡಲಿಲ್ಲ. ಅಂಗಡಿ ಹುಡುಗ "ಹೊಸ ಕೀಗೆ ಬೇರೆ ದುಡ್ಡಾಗುತ್ತೆ ಆಂಟಿ" ಎಂದ. ಅಸಲಿ ವಿಂಡೋಸ್ 10 ಇದ್ದ ಯಂತ್ರದಲ್ಲಿ ಪರವಾನಗಿ ಸಾಮಾನ್ಯವಾಗಿ ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ಹೋಂ ಇದ್ದಲ್ಲಿ ಹೋಂ, ಪ್ರೊ ಇದ್ದಲ್ಲಿ ಪ್ರೊ ಹಾಕಿದರೆ ಮತ್ತೆ ಕೊಳ್ಳಬೇಕಾಗಿಲ್ಲ ಎಂದು ಓದಿಕೊಂಡೇ ಹೋಗಿದ್ದೆ. ಹೇಳಿದೆ. "ಹೌದು, ಹೌದು" ಎಂದು ನಕ್ಕ. ಹಾಕಿದ ಮೇಲೆ ಅದು ತಾನಾಗಿಯೇ ಒಪ್ಪಿಕೊಂಡಿತು.

ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಬಂದರೆ, ಯಾರ ಸಲಹೆ ಕೇಳುವುದಕ್ಕೂ ಮುಂಚೆ ಒಂದು ಕಾಗದ ಹಿಡಿದು ಕುಳಿತುಕೊಳ್ಳಿ. ಫೋಟೋಗಳು, ಸಂಘದ ಲೆಕ್ಕ, ಮಕ್ಕಳ ಅಂಕಪಟ್ಟಿ, ಹಳೆಯ ಕನ್ನಡ ಕಡತಗಳು ಮತ್ತು ಅವುಗಳ ಫಾಂಟು, ಪಾಸ್‌ವರ್ಡುಗಳು ಎಲ್ಲವನ್ನೂ ಪಟ್ಟಿ ಮಾಡಿ. ಎರಡು ಕಡೆ ಪ್ರತಿ ತೆಗೆದಿಡಿ. ಬೇರೆ ಯಂತ್ರದಲ್ಲಿ ತೆರೆದು, ಓದಲು ಬರುತ್ತದೆಯೇ ನೋಡಿ. ಅಷ್ಟಾದ ಮೇಲೆ ಯಂತ್ರಕ್ಕೆ ಆರೋಗ್ಯವಿದ್ದರೆ ಅಪ್‌ಗ್ರೇಡ್, ಕಾಯಿಲೆಯಿದ್ದರೆ ಬುಡದಿಂದ. ಯಂತ್ರ ರಿಪೇರಿ ಹುಡುಗನ ವಿದ್ಯೆ ಇರಬಹುದು. ಏನು ಉಳಿಯಬೇಕೆಂಬುದು ಮಾತ್ರ ಮನೆಯವಳಿಗೇ ಗೊತ್ತಿರುವ ಸಂಗತಿ. ಏನಂತೀರಿ?