ಮೂಕಜೀವಿಯ ಕಣ್ಣು ಮತ್ತು ಔಷಧದಾನ

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ಅರಿಯದ ಶ್ರಾವಕರಿಲ್ಲ. ಇವುಗಳಲ್ಲಿ ಆಹಾರದಾನವು ಒಂದು ಹೊತ್ತಿನಲ್ಲಿ ಮುಗಿಯುತ್ತದೆ. ಔಷಧದಾನವಾದರೋ ಕೆಲವೊಮ್ಮೆ ವಾರಗಟ್ಟಲೆ ದಾನಿಯ ನಿದ್ರೆಯನ್ನೂ ತಾಳ್ಮೆಯನ್ನೂ ಬೇಡುತ್ತದೆ. ಅದನ್ನು ಪಡೆಯುವುದು ಮಾತು ಬಾರದ ಪ್ರಾಣಿಯಾದಾಗ ದಾನಿಯ ವಿವೇಕಕ್ಕೂ ಪರೀಕ್ಷೆ ಒದಗುತ್ತದೆ. ಮೂಡಬಿದಿರೆಯ ಸಮೀಪದ ಒಂದು ಶ್ರಾವಕ ಕುಟುಂಬವು ಎದುರಿಸಿದ ಇಂತಹ ಪರೀಕ್ಷೆ ವಿಚಾರಯೋಗ್ಯವಾಗಿದೆ.

ಆ ಮನೆಯ ಬೆಕ್ಕು ಒಂದು ಮಳೆಗಾಲದಲ್ಲಿ ಹಟ್ಟಿಯ ಮೂಲೆಯಲ್ಲಿ ಸಿಕ್ಕಿದ ಮರಿ. ಆಗಲೇ ಅದಕ್ಕೆ ನೆಗಡಿಯಾಗಿ, ಪಿಸುರು ಕಟ್ಟಿ ಕಣ್ಣುಗಳು ಮುಚ್ಚಿಹೋಗಿದ್ದವು. ಮರಿಗಳಲ್ಲಿ ಇಂತಹ ರೋಗಕ್ಕೆ ಹಲವು ಬಾರಿ ಬೆಕ್ಕುಗಳ ಹರ್ಪಿಸ್ ವೈರಾಣು ಕಾರಣ. ರೋಗ ವಾಸಿಯಾದಂತೆ ಕಂಡರೂ ಆ ವೈರಾಣು ನರಗಳಲ್ಲಿ ಅಡಗಿದ್ದು, ಪ್ರಾಣಿಯು ಬಳಲಿದಾಗ ಅಥವಾ ಬೆದರಿದಾಗ ಮತ್ತೆ ತಲೆಯೆತ್ತುತ್ತದೆ. ಇಲ್ಲಿಯೂ ಹಾಗೆಯೇ ಆಯಿತು. ನಾಲ್ಕು ವರ್ಷಗಳ ಅನಂತರ ಬೆಕ್ಕಿನ ಬಲಗಣ್ಣು ಕೆಂಪಾಗಿ, ಸದಾ ನೀರು ಸುರಿಸತೊಡಗಿತು. ಬೆಕ್ಕುಗಳು ನೋವನ್ನು ಕೂಗಿ ಹೇಳುವುದು ಕಡಿಮೆ. ಅವು ಮರೆಯಾಗಿ ಕುಳಿತುಕೊಳ್ಳುತ್ತವೆ, ಉಣ್ಣುವುದನ್ನು ಬಿಡುತ್ತವೆ. ಇದು ಅಕ್ಕಿಮುಡಿಗಳ ಹಿಂದೆ ಸೇರಿ ಹೊರಬರದಾಯಿತು.

ಮನೆಯಲ್ಲಿ ಅಜ್ಜಿಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಕಾಲದಲ್ಲಿ ತಂದ ಹನಿ ಔಷಧವು ಉಳಿದಿತ್ತು. ಕರುಣೆಯಿಂದಲೇ ಅದನ್ನು ಹಾಕಲು ಹೊರಟಿದ್ದರು. ಅಷ್ಟರಲ್ಲಿ ಮೊಮ್ಮಗಳು ಪಶುವೈದ್ಯರಿಗೆ ದೂರವಾಣಿ ಮಾಡಿ ವಿಚಾರಿಸಿದಳು. ಅದರಲ್ಲಿ ಸ್ಟಿರಾಯ್ಡ್ ಇತ್ತು. ಕಪ್ಪುಗುಡ್ಡೆಯ ಮೇಲೆ ಹುಣ್ಣಿರುವಾಗ ಸ್ಟಿರಾಯ್ಡ್ ಬಿದ್ದರೆ ಹುಣ್ಣು ಆಳಕ್ಕಿಳಿದು ಕಣ್ಣೇ ಒಡೆಯಬಹುದು. ಮನುಷ್ಯರು ನುಂಗುವ ಪ್ಯಾರಸಿಟಮಾಲ್ ಮಾತ್ರೆಯ ತುಂಡೂ ಬೆಕ್ಕಿಗೆ ಪ್ರಾಣಾಂತಕವಾಗಬಲ್ಲದು. ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಮಾದಕ್ಕೆ ಮುಖ್ಯ ಸ್ಥಾನ ಕೊಟ್ಟಿರುವುದನ್ನು ಇಲ್ಲಿ ಸ್ಮರಿಸಬೇಕು. ಕರುಣೆ ಇದ್ದ ಮಾತ್ರಕ್ಕೆ ಎಚ್ಚರ ಇದ್ದಂತಾಗದು.

ವೈದ್ಯರು ಕಣ್ಣಿಗೆ ಬಣ್ಣದ ದ್ರವ ಹಾಕಿ ನೋಡಿದಾಗ ಹುಣ್ಣಿದ್ದ ಜಾಗ ಹಸುರಾಗಿ ತೋರಿತು. ಎರಡು ಗಂಟೆಗೊಮ್ಮೆ ಹನಿ ಹಾಕಬೇಕೆಂದಾಯಿತು. ಕಂಬಳಿಯಲ್ಲಿ ಸುತ್ತಿ ಹಿಡಿಯುವವರೊಬ್ಬರು, ಹನಿ ಹಾಕುವವರೊಬ್ಬರು. ಸೊಸೆ ನಡುರಾತ್ರಿ ಎದ್ದರೆ, ಅಜ್ಜಿ ಬೆಳಗಿನ ಜಾವದ ಸರದಿ ವಹಿಸಿಕೊಂಡರು. ಅಟ್ರೊಪಿನ್ ಹನಿ ಬಿದ್ದೊಡನೆ ಬೆಕ್ಕು ಬಾಯಿಂದ ನೊರೆ ಸುರಿಸಿದಾಗ ಎಲ್ಲರೂ ಬೆಚ್ಚಿದರು. ಔಷಧದ ಕಹಿಯು ಕಣ್ಣಿನಿಂದ ಮೂಗಿಗಿಳಿದು ಗಂಟಲಿಗೆ ತಲುಪುವುದರಿಂದ ಹಾಗಾಗುತ್ತದೆಂದು ವೈದ್ಯರು ಸಮಾಧಾನ ಹೇಳಿದರು.

ಇಷ್ಟಾದರೂ ಹತ್ತನೆಯ ದಿನ ಹುಣ್ಣು ತೂತಾಯಿತು. ದೃಷ್ಟಿ ಉಳಿಯದು, ನೋವು ಮಾತ್ರ ಉಳಿಯುವುದು. ಕಣ್ಣನ್ನು ತೆಗೆಯುವುದೇ ಮಾರ್ಗವೆಂದು ವೈದ್ಯರು ತಿಳಿಸಿದರು. ನೆರೆಯವರು ಒಂದು ಚುಚ್ಚುಮದ್ದು ಕೊಡಿಸಿ ಮುಗಿಸಿಬಿಡಿ ಎಂದರು. ಅಜ್ಜಿಗೆ ಎರಡೂ ಒಪ್ಪಿಗೆಯಾಗಲಿಲ್ಲ. "ಅದರ ಅಸಾತಾವೇದನೀಯ ಅದು ಅನುಭವಿಸಲಿ. ನಾವು ಕತ್ತಿ ಹಿಡಿದು ಪಾಪ ಕಟ್ಟಿಕೊಳ್ಳುವುದು ಬೇಡ" ಎಂದರು. ಮೊಮ್ಮಗಳು ಮೆಲ್ಲನೆ ಕೇಳಿದಳು: "ಅಜ್ಜಿ, ನಿಮ್ಮ ಕಣ್ಣಿಗೆ ಪೊರೆ ಬಂದಾಗ ಕರ್ಮವೆಂದು ಬಿಟ್ಟೆವೇ?"

ಅಜ್ಜಿ ಆ ದಿನ ಉತ್ತರಿಸಲಿಲ್ಲ. ಮರುದಿನ ಬಸದಿಯಿಂದ ಬಂದವರೇ ಬೆಕ್ಕನ್ನು ವೈದ್ಯರಲ್ಲಿಗೆ ಕೊಂಡೊಯ್ಯಲು ಬುಟ್ಟಿಯನ್ನು ತಾವೇ ಒರೆಸಿಟ್ಟರು.

ಅವರ ಸಂಕೋಚವು ತುಚ್ಛವಾದುದಲ್ಲ. ಪಂಚೇಂದ್ರಿಯ ಜೀವಿಯ ಒಂದು ಇಂದ್ರಿಯವನ್ನು ತೆಗೆಯುವಾಗ ಮನಸ್ಸು ಹಿಂಜರಿಯುವುದೇ ಲೇಸು. ಆದರೆ ಕರ್ಮಸಿದ್ಧಾಂತವು ದುಃಖಕ್ಕೆ ಕಾರಣವನ್ನು ತಿಳಿಸುತ್ತದೆಯೇ ಹೊರತು, ದುಃಖವನ್ನು ಕಂಡು ಸುಮ್ಮನಿರಲು ಅನುಮತಿಯನ್ನು ಕೊಡುವುದಿಲ್ಲ. ಅನುಕಂಪೆಯು ಸಮ್ಯಕ್ತ್ವದ ಲಕ್ಷಣಗಳಲ್ಲಿ ಒಂದು. ಜೀವಂಧರ ಕುಮಾರನು ಸಾಯುತ್ತಿದ್ದ ನಾಯಿಗೆ ಪಂಚನಮಸ್ಕಾರ ಮಂತ್ರವನ್ನು ಕೇಳಿಸಿದಾಗ, ಅದರ ನೋವು ಅದರ ಕರ್ಮವೆಂದು ಮುಂದೆ ಸಾಗಲಿಲ್ಲ. ಇನ್ನು ನೆರೆಯವರ ಸಲಹೆಯಲ್ಲಿ ಬೆಕ್ಕಿನ ನೋವಿಗಿಂತ ಮನೆಯವರ ಶ್ರಮದ ಅಂತ್ಯವೇ ಮುಖ್ಯವಾಗಿತ್ತು. ಬದುಕಬಲ್ಲ ಜೀವಿಗೆ ಅಭಯವೇ ಸಲ್ಲತಕ್ಕದ್ದು.

ಶಸ್ತ್ರಚಿಕಿತ್ಸೆಯಾದ ಮೂರನೆಯ ದಿನ ಬೆಕ್ಕು ಮುಡಿಗಳ ಮರೆಯಿಂದ ತಾನಾಗಿ ಹೊರಬಂದು ಉಂಡಿತು. ಎರಡು ವಾರಗಳಲ್ಲಿ ಹೊಲಿಗೆ ಬಿಚ್ಚಿದರು. ಮೊದಮೊದಲು ನೆಗೆತದ ಅಳತೆ ತಪ್ಪಿ ಜಗಲಿಯಿಂದ ಜಾರುತ್ತಿತ್ತು. ಬರಬರುತ್ತಾ ಮೀಸೆ, ಕಿವಿಗಳ ನೆರವಿನಿಂದ ದಾರಿ ಕಂಡುಕೊಂಡಿತು. ಬಲಗಡೆಯಿಂದ ಹೋಗುವಾಗ ಮಾತನಾಡಿಸಿ ಮುಟ್ಟುವುದು, ಅನ್ನದ ತಟ್ಟೆಯ ಜಾಗ ಬದಲಿಸದಿರುವುದು ಮನೆಯವರ ರೂಢಿಯಾಯಿತು. ವೈರಾಣು ದೇಹದಲ್ಲಿ ಉಳಿದಿರುವುದರಿಂದ ಎಡಗಣ್ಣನ್ನು ದಿನವೂ ಪರೀಕ್ಷಿಸುವ ಕೆಲಸ ಅಜ್ಜಿಯದು.

ಮನೆಯಲ್ಲಿ ಪ್ರಾಣಿಯನ್ನು ಸಾಕಿದವರು ಅದಕ್ಕೆ ಅನ್ನವಿಟ್ಟ ಮಾತ್ರಕ್ಕೆ ಹೊಣೆ ತೀರಿತೆಂದು ಭಾವಿಸಬಾರದು. ಅದರ ನೋವನ್ನು ಗುರುತಿಸುವ ಕಣ್ಣು, ತಿಳಿಯದುದನ್ನು ತಿಳಿದವರಲ್ಲಿ ಕೇಳುವ ವಿನಯ, ಬೇಸರಿಸದೆ ಮಾಡುವ ಸೇವೆ ಇವು ಮೂರೂ ಕೂಡಿದಾಗಲೇ ಔಷಧದಾನವು ಪೂರ್ಣವಾಗುತ್ತದೆ.