ಸವೆದದ್ದು ಎರಡು ಕಾರ್ಬನ್ ತುಂಡುಗಳು ಮಾತ್ರ

ಬೆಟಗೇರಿಯ ನಮ್ಮ ಮನೆಯಲ್ಲಿ ತಾಯಿಯವರು ಕೊಡಿಸಿದ ಮಿಕ್ಸಿಯೊಂದಿದೆ. ಅವರು ಲಿಂಗೈಕ್ಯರಾದ ಮೇಲೂ ಪಂಚಮಿಯ ಉಂಡಿಗೆ ಶೇಂಗಾ ಪುಡಿಮಾಡುವುದು ಅದರಲ್ಲಿಯೇ. ಈ ಸಲ ಹಬ್ಬದ ಹಿಂದಿನ ದಿನ ಅದು ಒಳಗೆ ಕಿಡಿ ಕಾರಿ ನಿಂತುಬಿಟ್ಟಿತು. ಮೋಟಾರು ಸುಟ್ಟಿತೆಂದು ತಿಳಿದು, ಹಳೆಯ ಸಾಮಾನು ಕೊಳ್ಳುವವನಿಗೆ ಕೊಡಲೆಂದು ಅದನ್ನು ಬಾಗಿಲ ಬಳಿ ಇಟ್ಟವರು ನಾವೇ. ಸೊಸೆಯ ಮನಸ್ಸು ಒಪ್ಪಲಿಲ್ಲ. “ಮಾವಾರ, ಒಮ್ಮೆ ತೋರಿಸಿ ನೋಡೋಣ್ರಿ” ಎಂದಳು.

ರಿಪೇರಿ ಮಾಡುವ ಹಿರಿಯರು ಬಿಚ್ಚಿ ನೋಡಿ, “ಮೋಟಾರು ಸುಟ್ಟಿಲ್ರೀ, ಕಾರ್ಬನ್ ಸವದಾವು, ಅಷ್ಟ” ಎಂದು ಎರಡು ಮೋಟು ಕಪ್ಪು ತುಂಡುಗಳನ್ನು ನಮ್ಮ ಅಂಗೈಯಲ್ಲಿಟ್ಟರು. ಇವಕ್ಕೇ ಬ್ರಷ್ ಎಂದು ಹೆಸರು. ಮೊದಲ ಕಾಲದಲ್ಲಿ ತಾಮ್ರದ ತಂತಿಗಳ ಕಟ್ಟು ಈ ಕೆಲಸ ಮಾಡುತ್ತಿದ್ದುದರಿಂದ ಆ ಹೆಸರು ಉಳಿದುಕೊಂಡಿದೆ.

ಈ ಮೋಟಾರಿನಲ್ಲಿ ಹೊರಗೆ ಕದಲದ ಸುರುಳಿಗಳೂ ಒಳಗೆ ತಿರುಗುವ ಆರ್ಮೇಚರೂ ಇರುತ್ತವೆ. ವಿದ್ಯುತ್ತು ಹರಿದಾಗ ಎರಡೂ ಅಯಸ್ಕಾಂತಗಳಾಗಿ, ಆರ್ಮೇಚರು ತಿರುಗತೊಡಗುತ್ತದೆ. ಆದರೆ ವಿರುದ್ಧ ಧ್ರುವಗಳು ಎದುರುಬದುರಾದೊಡನೆ ಅದು ನಿಂತುಬಿಡಬೇಕು. ಹಾಗೆ ನಿಲ್ಲಗೊಡದಿರುವುದೇ ಕಮ್ಯುಟೇಟರು. ಎಂದರೆ ತಿರುಗುವ ದಂಡದ ಸುತ್ತ ಒಂದಕ್ಕೊಂದು ತಾಗದಂತೆ ಜೋಡಿಸಿದ ತಾಮ್ರದ ಪಟ್ಟಿಗಳು. ಸ್ಪ್ರಿಂಗುಗಳು ಒತ್ತಿ ಹಿಡಿದ ಬ್ರಷ್‌ಗಳು ಈ ಪಟ್ಟಿಗಳ ಮೇಲೆ ಉಜ್ಜುತ್ತ ವಿದ್ಯುತ್ತನ್ನು ಒಳಗೆ ದಾಟಿಸುತ್ತವೆ. ಪಟ್ಟಿ ಬದಲಾದಂತೆ ಸುರುಳಿಯ ಪ್ರವಾಹದ ದಿಕ್ಕೂ ಬದಲಾಗಿ, ತಿರುಗುವಿಕೆ ಎಡೆಬಿಡದೆ ಸಾಗುತ್ತದೆ.

ನಮ್ಮೂರಿನ ವಿದ್ಯುತ್ ಮಗ್ಗಗಳ ಮೋಟಾರುಗಳಿಗೆ ಸಾಮಾನ್ಯವಾಗಿ ಬ್ರಷ್ ಇರುವುದಿಲ್ಲ. ಮಿಕ್ಸಿಗೇಕೆ ಬೇಕೆಂದು ಕೇಳಿದೆವು. ಮಗ್ಗದ ಬಗೆಯ ಮೋಟಾರು ನಮ್ಮ ಮನೆಗಳ 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಿಮಿಷಕ್ಕೆ 3000 ಸುತ್ತುಗಳನ್ನು ಮೀರಲಾರದು. ಮಿಕ್ಸಿಯ ಮೋಟಾರಾದರೋ 10,000 ಸುತ್ತುಗಳನ್ನೂ ದಾಟಬಲ್ಲದು. ಆ ವೇಗಕ್ಕೆ ತೆರುವ ಬೆಲೆಯೇ ಬ್ರಷ್‌ನ ಸವೆತ.

ಮೆತ್ತಗಿನ ಕಾರ್ಬನ್ ತಾನು ಸವೆದು ತಾಮ್ರವನ್ನು ಕಾಯುತ್ತದೆ. ಅದು ಮೋಟಾದಾಗ ಸ್ಪ್ರಿಂಗಿನ ಒತ್ತು ಸಾಲದೆ ಕಿಡಿ ಹೆಚ್ಚುತ್ತದೆ, ಮಿಕ್ಸಿ ನಿಂತು ನಿಂತು ಓಡುತ್ತದೆ. ಆಗಲೇ ಅದೇ ಅಳತೆಯ ಹೊಸ ಜೋಡಿ ಹಾಕಿಸಬೇಕು, ಒಂದನ್ನಷ್ಟೇ ಬದಲಿಸಬಾರದು. ಅಲಕ್ಷಿಸಿದರೆ ಕಮ್ಯುಟೇಟರೇ ಕೆಟ್ಟು, ರಿಪೇರಿ ದುಬಾರಿಯಾಗುತ್ತದೆ.

ಹೊಸ ಜೋಡಿಗೆ ತಗುಲಿದ ಖರ್ಚು ಅಲ್ಪ. ಸವೆದದ್ದು ಏನೆಂದು ನೋಡದೆಯೇ ತಾಯಿಯವರ ನೆನಪಿನ ವಸ್ತುವನ್ನು ಹೊರಹಾಕಲು ಹೊರಟಿದ್ದೆವಲ್ಲ ಎಂದು ನಮಗೆ ನಾಚಿಕೆಯಾಯಿತು. ಮರುದಿನ ತವರಿಗೆ ಬಂದ ಹೆಣ್ಣುಮಕ್ಕಳ ಕೈಗೆ ಸೊಸೆ ಅದೇ ಮಿಕ್ಸಿಯ ಶೇಂಗಾ ಉಂಡಿಯನ್ನು ಕೊಟ್ಟಳು.